ಜಿಮ್ನಿ ತಡವಾಗಿ ಬಂತಾ, ತಪ್ಪು ಬಾಗಿಲಿಗೆ ಬಂತಾ?

ಗಾಡಿ ಮಾತು: ಓದುಗರ ಪ್ರಶ್ನೆಗೆ ಮೂಡಿಗೆರೆ ಗ್ಯಾರೇಜಿನಿಂದ ಉತ್ತರ

ಈ ಸಲದ ಪತ್ರಗಳನ್ನು ಸ್ಪ್ಯಾನರ್ ಪೆಟ್ಟಿಗೆ ಪಕ್ಕದಲ್ಲಿ ಹರಡಿಕೊಂಡು ಕೂತರೆ, ಹೆಚ್ಚಿನವು ನಾಲ್ಕೂ ಚಕ್ರಕ್ಕೆ ಎಳೆತ ಇರುವ ಪುಟ್ಟ ಗಾಡಿ ಮಾರುತಿ ಜಿಮ್ನಿ ಬಗ್ಗೆಯೇ. ಹಾಗಾಗಿ ಕ್ಲಚ್ ಪ್ಲೇಟು, ಬ್ಯಾಟರಿ, ಎಸಿ ಗ್ಯಾಸು ಎಲ್ಲ ಮುಂದಿನ ತಿಂಗಳಿಗೆ.

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಹದಿನೆಂಟು ಎಕರೆ ಕಾಫಿ ತೋಟ. ಅಪ್ಪ ತಂದ ಮಾರುತಿ ಜಿಪ್ಸಿ ಜೀಪು ಈಗ ಪೂರ್ತಿ ಸೋತಿದೆ. ಜಿಮ್ನಿ ತಗೊಳ್ಳೋಣ ಅಂತಿದ್ದೇನೆ. ಮಗ ಮಾತ್ರ “ಅದು ಫ್ಲಾಪ್ ಗಾಡಿ, ಮಹೀಂದ್ರ ಥಾರ್ ತಗೋ” ಅನ್ನುತ್ತಾನೆ. ಮಾರುತಿಯಂಥ ಕಂಪನಿ ಇಷ್ಟು ತಡ ಮಾಡಿ ಬಂದದ್ದಕ್ಕೇ ಸೋತಿತಾ? ನಾನೇನು ಮಾಡಲಿ?
(ಸಕಲೇಶಪುರದ ಓದುಗರು)

ಉತ್ತರ: ಫ್ಲಾಪ್ ಅನ್ನುವುದು ಸಿನಿಮಾದವರ ಮಾತು. ಥಿಯೇಟರಿನಲ್ಲಿ ಎಷ್ಟು ಜನ ಇದ್ದರು ಅನ್ನುವುದು ನಿಮ್ಮ ತೋಟದ ಏರಿಗೆ ಗೊತ್ತಾಗುವುದಿಲ್ಲ. ಮಗನಿಗೆ ಇಷ್ಟು ಹೇಳಿ. ಆದರೆ ಅವನು ಹೇಳುವುದು ಪೂರ್ತಿ ಸುಳ್ಳೂ ಅಲ್ಲ. 2023ರಲ್ಲಿ ಜಿಮ್ನಿ ಬಂದ ಮೊದಲ ತಿಂಗಳುಗಳಲ್ಲಿ ತಿಂಗಳಿಗೆ ಮೂರು ಸಾವಿರದ ಮೇಲೆ ಹೋಗುತ್ತಿತ್ತು. ಮುಂದಿನ ವರ್ಷದ ಶುರುವಿನಲ್ಲಿ ತಿಂಗಳಿಗೆ ಕೆಲವೇ ನೂರಕ್ಕೆ ಇಳಿಯಿತು. 2023ರ ಡಿಸೆಂಬರ್‌ನಲ್ಲಿ ‘ಥಂಡರ್’ ಅಂತ ಒಂದು ಹೆಸರು ಕೊಟ್ಟು, ಸ್ವಲ್ಪ ದಿನದ ಮಟ್ಟಿಗೆ ಬೆಲೆಯನ್ನು 10.74 ಲಕ್ಷಕ್ಕೆ ತಂದರು. ಹೊಸ ಗಾಡಿಯ ಬೆಲೆಯನ್ನು ಆರೇ ತಿಂಗಳಿಗೆ ಎರಡು ಲಕ್ಷ ಇಳಿಸಿದರೆ, ಕಂಪನಿಗೂ ಗಾಬರಿಯಾಗಿದೆ ಅಂತಲೇ ಅರ್ಥ, ಅಲ್ವಾ?

ಈಗ ತಡದ ವಿಷಯ. ಮಾರುತಿ ತಡವಾಗಿ ಬಂದದ್ದಲ್ಲ. ಬಹಳ ಬೇಗ ಬಂದು, ಮಲಗಿ, ತಡವಾಗಿ ಎದ್ದದ್ದು. ಮಾರುತಿ 800 ರಸ್ತೆಗೆ ಇಳಿದದ್ದು 1983ರ ಡಿಸೆಂಬರ್‌ನಲ್ಲಿ. ಎರಡೇ ವರ್ಷಕ್ಕೆ, 1985ರ ಡಿಸೆಂಬರ್‌ನಲ್ಲಿ, ಜಿಪ್ಸಿ ಬಂತು. 970 ಸಿಸಿ ಇಂಜಿನ್, 45 ಕುದುರೆ ಶಕ್ತಿ, ನಾಲ್ಕು ಗೇರು. ಇಂಜಿನ್ ಸಣ್ಣದು, ಮೈ ಹಗುರ. ದೊಡ್ಡ ಜೀಪು ಹೂತುಹೋಗುವ ಕೆಸರಿನಲ್ಲಿ ಇದು ಮೇಲೆಮೇಲೇ ತೇಲಿಕೊಂಡು ಹೋಗುತ್ತಿತ್ತು. 1996ರಲ್ಲಿ 1.3 ಲೀಟರ್ ಇಂಜಿನ್ ಹಾಕಿದರು. ಆದರೆ ಸಸ್ಪೆನ್ಷನ್ ಮಾತ್ರ ಕೊನೆವರೆಗೂ ಅದೇ ಲೀಫ್ ಸ್ಪ್ರಿಂಗು. ನಾನು ಕೆಲಸ ಕಲಿತದ್ದೇ ಜಿಪ್ಸಿ ಕೆಳಗೆ ಮಲಗಿಕೊಂಡು. ಹಿಂದಿನ ಸೀಟಿನಲ್ಲಿ ಕೂತು ಬಾಳೂರಿನಿಂದ ಮೂಡಿಗೆರೆಗೆ ಬಂದವರು ಇಳಿದ ಮೇಲೆ ಎರಡು ನಿಮಿಷ ಸೊಂಟ ಹಿಡಿದುಕೊಂಡು ನಿಲ್ಲುತ್ತಿದ್ದದ್ದನ್ನೂ ನೋಡಿದ್ದೇನೆ.

ಆ ಜಿಪ್ಸಿಯನ್ನು ಹೆಚ್ಚು ಬದಲಿಸದೆ ಮೂವತ್ತು ವರ್ಷ ಓಡಿಸಿದರು. ಸೇನೆ ಕೊಳ್ಳುತ್ತಿತ್ತು, ಪೊಲೀಸರು ಕೊಳ್ಳುತ್ತಿದ್ದರು, ತೋಟದವರು ಕೊಳ್ಳುತ್ತಿದ್ದರು. 2019ರಲ್ಲಿ ಏರ್‌ಬ್ಯಾಗು, ಎಬಿಎಸ್ಸು ಅಂತ ಸುರಕ್ಷತೆಯ ನಿಯಮ ಬಿಗಿಯಾದಾಗ ಜನಸಾಮಾನ್ಯರಿಗೆ ಮಾರುವುದನ್ನು ನಿಲ್ಲಿಸಿದರು.

ಅದಕ್ಕೆ ಮೊದಲೇ, 2018ರ ಜುಲೈನಲ್ಲಿ, ಜಪಾನ್‌ನಲ್ಲಿ ಸುಜುಕಿ ಈಗಿನ ಜಿಮ್ನಿಯನ್ನು ಬಿಟ್ಟಿತ್ತು. ಆಗ ನಮ್ಮ ಗ್ಯಾರೇಜಿಗೆ ಬಂದವರೆಲ್ಲ ಮೊಬೈಲಿನಲ್ಲಿ ಅದರ ಫೋಟೊ ತೋರಿಸಿ “ಇದು ಯಾವಾಗ ಬರುತ್ತೆ ಅಣ್ಣ?” ಅನ್ನುವವರೇ. “ಈ ದೀಪಾವಳಿಗೆ ಬರಬಹುದು” ಅಂತ ನಾನೂ ಹೇಳುತ್ತಿದ್ದೆ. ಹಾಗೆ ಐದು ದೀಪಾವಳಿ ಕಳೆದವು. 2020ರ ಆಟೊ ಎಕ್ಸ್‌ಪೋದಲ್ಲಿ ಮೂರು ಬಾಗಿಲಿನದನ್ನು ತಂದು ತೋರಿಸಿದರು. 2021ರ ಜನವರಿಯಲ್ಲಿ ಗುರುಗ್ರಾಮದ ಕಾರ್ಖಾನೆಯಿಂದ ಅದೇ ಗಾಡಿ ಹಡಗು ಹತ್ತಿ ಹೊರದೇಶಕ್ಕೆ ಹೋಗತೊಡಗಿತು. ಹಲಸಿನ ಮರ ನಮ್ಮ ಹಿತ್ತಲಿನದು, ತೊಳೆ ಮಾತ್ರ ಪಕ್ಕದ ಮನೆಗೆ.

ಈ ಸಂದಿನಲ್ಲೇ 2020ರ ಅಕ್ಟೋಬರ್ 2ಕ್ಕೆ ಮಹೀಂದ್ರ ಹೊಸ ಥಾರ್ ಬಂತು. ಗಟ್ಟಿ ಟಾಪು, ಆಟೋಮ್ಯಾಟಿಕ್ ಗೇರು, ಟಚ್ ಸ್ಕ್ರೀನು, ಮುಂದಕ್ಕೆ ಮುಖ ಮಾಡಿದ ಹಿಂದಿನ ಸೀಟು. ಅಲ್ಲಿಗೆ ಗಿರಾಕಿಯೇ ಬದಲಾದ. ಮೊದಲೆಲ್ಲ ಇಂಥ ಗಾಡಿ ಕೊಳ್ಳುತ್ತಿದ್ದವನು ರಸ್ತೆ ಇಲ್ಲದವನು. ಥಾರ್ ಬಂದ ಮೇಲೆ ನಾಲ್ಕು ಲೇನ್ ರಸ್ತೆ ಇರುವವನೂ ಕೊಂಡ. ಅವನಿಗೆ ಬೇಕಿದ್ದದ್ದು ಎತ್ತರ, ಅಗಲ, ಡೀಸೆಲ್ ಇಂಜಿನ್ನಿನ ಎಳೆತ, ಪಕ್ಕದ ಕಾರಿನವನು ತಿರುಗಿ ನೋಡುವುದು. ಇದನ್ನು ತಮಾಷೆಗೆ ಹೇಳುತ್ತಿಲ್ಲ. ದುಡ್ಡು ಅವನದು, ಆಸೆಯೂ ಅವನದು.

ಮಹೀಂದ್ರಕ್ಕೆ ಇದು ಚೆನ್ನಾಗಿ ಅರ್ಥವಾಗಿತ್ತು. 2023ರ ಜನವರಿ 9ಕ್ಕೆ ಹಿಂದಿನ ಚಕ್ರಕ್ಕೆ ಮಾತ್ರ ಎಳೆತ ಇರುವ ಥಾರನ್ನು 9.99 ಲಕ್ಷಕ್ಕೆ ಬಿಟ್ಟರು. ಫೋರ್ ವೀಲ್, ಅಂದರೆ ನಾಲ್ಕೂ ಚಕ್ರಕ್ಕೆ ಎಳೆತ, ಬೇಡದವನಿಗೆ ಅದರ ವೇಷ ಮಾತ್ರ. ಮೂರೇ ದಿನಕ್ಕೆ ಆಟೊ ಎಕ್ಸ್‌ಪೋದಲ್ಲಿ ಮಾರುತಿ ಐದು ಬಾಗಿಲಿನ ಜಿಮ್ನಿಯ ಪರದೆ ಸರಿಸಿತು. ಎಲ್ಲ ಮಾದರಿಯಲ್ಲೂ ಫೋರ್ ವೀಲ್, ಎಲ್ಲದರಲ್ಲೂ ಕಡಿದಾದ ಏರಿಗೆ, ಕೆಸರಿಗೆ ನಿಧಾನವಾಗಿ ಹೆಚ್ಚು ಬಲ ಕೊಡುವ ಲೋ ಗೇರ್. ಜೂನ್‌ನಲ್ಲಿ ಬೆಲೆ ಹೇಳಿದರು: 12.74 ಲಕ್ಷದಿಂದ ಶುರು. ಒಬ್ಬರು ವೇಷವನ್ನು ಅಗ್ಗಕ್ಕೆ ಕೊಟ್ಟರು, ಇನ್ನೊಬ್ಬರು ಕಸುಬನ್ನು ದುಬಾರಿಗೆ ಕೊಟ್ಟರು.

ದುಬಾರಿಯಾದದ್ದಕ್ಕೆ ತೆರಿಗೆಯ ಕಾರಣವೂ ಇದೆ. ಇದನ್ನು ಜನ ಜಾಸ್ತಿ ಗಮನಿಸುವುದಿಲ್ಲ. ನಾಲ್ಕು ಮೀಟರಿಗಿಂತ ಉದ್ದ ಇರದ ಗಾಡಿಗೆ ತೆರಿಗೆ ಕಡಿಮೆ. ಆದರೆ ಉದ್ದ ಒಂದೇ ಸಾಲದು. ಪೆಟ್ರೋಲ್ ಆದರೆ ಇಂಜಿನ್ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ದಾಟಬಾರದು. ಜಿಮ್ನಿಯ ಉದ್ದ 3985 ಮಿಲಿಮೀಟರ್, ಪಾಸು. ಇಂಜಿನ್ 1462 ಸಿಸಿ ಪೆಟ್ರೋಲ್, ಫೇಲು. ಆಗಿನ ಲೆಕ್ಕದಲ್ಲಿ ಜಿಎಸ್‌ಟಿ 28, ಸೆಸ್ 17, ಒಟ್ಟು ಶೇ 45. ಮೂರು ಬಾಗಿಲಿನ ಥಾರ್‌ನ ಉದ್ದವೂ ಸರಿಯಾಗಿ 3985. ಹಿಂದಿನ ಚಕ್ರದ ಎಳೆತದ ಆ ಥಾರ್‌ನಲ್ಲಿದ್ದ 1.5 ಲೀಟರ್ ಡೀಸೆಲ್‌ಗೆ 28ರ ಜೊತೆ ಬರೀ 3, ಒಟ್ಟು ಶೇ 31. 2025ರ ಸೆಪ್ಟೆಂಬರ್ 22ರಿಂದ ದರ ಬದಲಾಗಿದೆ. ಈಗ ಜಿಮ್ನಿಗೆ 40, ಆ ಡೀಸೆಲ್‌ಗೆ 18. ಅಂತರ ಕಡಿಮೆಯಾಗಿಲ್ಲ, ಇನ್ನೂ ಜಾಸ್ತಿಯೇ ಆಯಿತು. ಮಾರುತಿ 2020ರಲ್ಲೇ ಡೀಸೆಲ್ ಕೈಬಿಟ್ಟಿತ್ತು. ಹಾಗಾಗಿ ಆ ಬಾಗಿಲೂ ಮುಚ್ಚಿತ್ತು.

ಹಾಗಾಗಿ ತಡ ಆದದ್ದಕ್ಕೇ ಸೋತಿತು ಅಂತ ನಾನು ಹೇಳುವುದಿಲ್ಲ. ಐದು ವರ್ಷದಲ್ಲಿ ಕೇಳುವವನು ಬದಲಾಗಿದ್ದ. ಇವರು ಹಳೆಯ ಗಿರಾಕಿಗೆ ಅಂತ ಮಾಡಿದ ಗಾಡಿಯನ್ನು ಹೊಸ ಗಿರಾಕಿಯ ಬೆಲೆಗೆ ತಂದರು. ಅದೂ ನೆಕ್ಸಾ ಅನ್ನುವ, ಮಾರುತಿಯ ದುಬಾರಿ ಗಾಡಿಗಳ ಹೊಳೆಯುವ ಶೋರೂಮಿನಲ್ಲಿ. ಕೆಸರು ಮೆತ್ತಿದ ಚಪ್ಪಲಿ ಹಾಕಿಕೊಂಡು ಅಲ್ಲಿ ಹೋಗಲು ನನಗೇ ಮುಜುಗರ.

ನೀವು ಆ ಹಳೆಯ ಗಿರಾಕಿ. ಅದಕ್ಕೇ ನಿಮ್ಮ ಲೆಕ್ಕ ಬೇರೆ.

ನಮ್ಮ ಕಡೆ ಒಂದು ತೋಟದಲ್ಲಿ ಹಳ್ಳಕ್ಕೆ ಅಡ್ಡ ಎರಡು ಕಲ್ಲು ಚಪ್ಪಡಿ ಹಾಕಿದ್ದಾರೆ. ಒಂದೊಂದು ಚಪ್ಪಡಿ ಒಂದೊಂದು ಕಡೆಯ ಚಕ್ರಕ್ಕೆ, ನಡುವೆ ಖಾಲಿ. ಹಳೇ ಜೀಪಿನ ಕಾಲದಲ್ಲಿ ಅಳತೆ ನೋಡಿ ಹಾಕಿದ್ದು. ಕಳೆದ ಮಳೆಗಾಲದಲ್ಲಿ ಮನೆಗೆ ಬಂದ ನೆಂಟರೊಬ್ಬರು ಅಗಲವಾದ ಗಾಡಿಯನ್ನು ಅದರ ಮೇಲೆ ತಂದರು. ಹೊರಗಡೆಯ ಟೈರು ಅರ್ಧ ಕಲ್ಲಿನ ಮೇಲೆ, ಅರ್ಧ ಗಾಳಿಯಲ್ಲಿ. ಮುಂದೆ ಹೋಗುವ ಹಾಗಿಲ್ಲ, ಹಿಂದೆ ಬರುವ ಹಾಗಿಲ್ಲ. ನಾವು ನಾಲ್ಕು ಜನ ಚೈನ್ ಪುಲ್ಲಿ ತಗೊಂಡು ಹೋಗಿ, ಸಿಲ್ವರ್ ಮರಕ್ಕೆ ಕಟ್ಟಿ, ಇಡೀ ಮಧ್ಯಾಹ್ನ ಜಿಗಣೆ ಕಿತ್ತುಕೊಳ್ಳುತ್ತ ಅದನ್ನು ಎಳೆದೆವು. ಥಾರ್‌ನ ಅಗಲ 1820 ಮಿಲಿಮೀಟರ್, ಜಿಮ್ನಿಯದು 1645. ವ್ಯತ್ಯಾಸ ಒಂದು ಗೇಣೂ ಇಲ್ಲ. ಆದರೆ ಆ ಕಲ್ಲಿನ ಮೇಲೆ ಅದೇ ಎಲ್ಲ.

ತೂಕವೂ ಹಾಗೆ. ಜಿಮ್ನಿ ಸುಮಾರು 1200 ಕಿಲೊ. ಫೋರ್ ವೀಲ್ ಥಾರ್ ಅದಕ್ಕಿಂತ ಅರ್ಧ ಟನ್‌ನಷ್ಟು ಹೆಚ್ಚು. ಗಟ್ಟಿ ನೆಲದಲ್ಲಿ, ಉದ್ದ ಪ್ರಯಾಣದಲ್ಲಿ, ತುಂಬ ಸಾಮಾನು ಹಾಕಿದಾಗ ಥಾರ್‌ನ ದೊಡ್ಡ ಡೀಸೆಲ್ ಇಂಜಿನ್ನಿಗೆ ಜಿಮ್ನಿ ಸಮ ಅಲ್ಲವೇ ಅಲ್ಲ. ಜುಲೈ ತಿಂಗಳ ಕೆಂಪು ಕೆಸರಿನಲ್ಲಿ ಮಾತ್ರ ಹಗುರ ಇರುವುದೇ ಬಲ.

ಕೊರತೆಗಳನ್ನೂ ಹೇಳಿಬಿಡುತ್ತೇನೆ. ಬಾಗಿಲು ಐದು ಅಂದರೂ ಸೀಟು ನಾಲ್ಕೇ. ಹಿಂದಿನ ಡಿಕ್ಕಿ 208 ಲೀಟರ್, ಎರಡು ಗೊಬ್ಬರದ ಚೀಲ ಇಟ್ಟರೆ ಮುಗಿಯಿತು. ಹಿಂದಿನ ಸೀಟು ಮಡಚಿದರೆ ಪರವಾಗಿಲ್ಲ. 105 ಕುದುರೆ ಶಕ್ತಿಯ ಇಂಜಿನ್, ಶಿರಾಡಿ ಘಾಟಿಯಲ್ಲಿ ನಾಲ್ಕು ಜನ ಕೂತರೆ ಮೂರನೇ ಗೇರು ಕೇಳುತ್ತದೆ. ಆಟೋಮ್ಯಾಟಿಕ್‌ನಲ್ಲಿ ನಾಲ್ಕೇ ಗೇರು, ಹಳೇ ಕಾಲದ್ದು. ತಿರುವು ದಾಟಿದ ಮೇಲೆ ಸ್ಟೇರಿಂಗ್ ತಾನಾಗಿ ಬೇಗ ನೇರ ಆಗುವುದಿಲ್ಲ, ಕೈಯಲ್ಲೇ ತಿರುಗಿಸಿ ತರಬೇಕು. ಜಿಪ್ಸಿ ಓಡಿಸಿದವರಿಗೆ ಇದು ಹೊಸತಲ್ಲ.

ನನ್ನ ಮಾತು: ಮ್ಯಾನ್ಯುಯಲ್ ಗೇರಿನ ಜಿಮ್ನಿ, ಕೆಳಗಿನ ಮಾದರಿ ಜೀಟಾ ಸಾಕು. ಅದರಲ್ಲಿ ಅಲಾಯ್ ಇಲ್ಲ, ಕಬ್ಬಿಣದ ಚಕ್ರ. ಕಲ್ಲಿಗೆ ಬಡಿದು ಬಗ್ಗಿದರೆ ಸುತ್ತಿಗೆಯಲ್ಲಿ ಸರಿ ಮಾಡಬಹುದು. ಏರ್‌ಬ್ಯಾಗು ಎರಡು ಮಾದರಿಯಲ್ಲೂ ಆರು. ಕೊಳ್ಳುವ ಮೊದಲು ಟೆಸ್ಟ್ ಡ್ರೈವ್ ಗಾಡಿಯನ್ನು ನಿಮ್ಮ ತೋಟಕ್ಕೇ ತರಲು ಹೇಳಿ. ಶೋರೂಮ್ ಸುತ್ತ ಒಂದು ಸುತ್ತು ಹೊಡೆದರೆ ಏನೂ ತಿಳಿಯುವುದಿಲ್ಲ. ಮಗನ ಕೈಯಲ್ಲೇ ಓಡಿಸಿ. ಹಳೇ ಜಿಪ್ಸಿಯನ್ನು ಗುಜರಿಗೆ ಹಾಕುವ ಮೊದಲು ನನಗೊಂದು ಮಾತು ತಿಳಿಸಿ.

ಪ್ರಶ್ನೆ: ಹಾಗಾದರೆ ತಡವಾಗಿ ಬಂದವರು ಗೆದ್ದ ಉದಾಹರಣೆಯೇ ಇಲ್ಲವೇ? ವಿದ್ಯಾರ್ಥಿಗಳಿಗೆ ವ್ಯಾಪಾರದ ಪಾಠ ಮಾಡುತ್ತೇನೆ, ಅದಕ್ಕೆ ಕೇಳಿದೆ.
(ಶಿವಮೊಗ್ಗದ ಓದುಗರು, ಉಪನ್ಯಾಸಕಿ)

ಉತ್ತರ: ಇದೆ ಮೇಡಂ, ಅದೂ ಇದೇ ಮಾರುತಿಯದ್ದು. ನಾಲ್ಕು ಮೀಟರ್ ಒಳಗಿನ ಎಸ್‌ಯುವಿ ಅಂತ ಜನರ ಬಾಯಲ್ಲಿ ಮಾತು ಹುಟ್ಟಿಸಿದ್ದು 2013ರ ಫೋರ್ಡ್ ಇಕೋಸ್ಪೋರ್ಟ್. ಮಾರುತಿ ಮೂರು ವರ್ಷ ಸುಮ್ನೆ ನೋಡುತ್ತ ಕೂತು, 2016ರ ಮಾರ್ಚ್‌ನಲ್ಲಿ ವಿಟಾರ ಬ್ರೆಜಾ ತಂದಿತು. 1248 ಸಿಸಿ ಡೀಸೆಲ್, ತೆರಿಗೆಗೆ ಸರಿಯಾಗಿ ಕೂತಿತು. ಬೆಲೆ 6.99 ಲಕ್ಷದಿಂದ. ಯಾರಿಗೆ ಬೇಕು, ಎಷ್ಟಕ್ಕೆ ಬೇಕು ಅಂತ ಆ ಮೂರು ವರ್ಷದಲ್ಲಿ ಅಳೆದಿದ್ದರು. ಮೊದಲು ಬಂದ ಫೋರ್ಡ್ 2021ರಲ್ಲಿ ಭಾರತದಲ್ಲಿ ಕಾರು ತಯಾರಿಸುವುದನ್ನೇ ನಿಲ್ಲಿಸುವುದಾಗಿ ಹೇಳಿತು. ಬ್ರೆಜಾ ಇನ್ನೂ ಇದೆ. ಬ್ರೆಜಾಗೆ ಫೋರ್ ವೀಲ್ ಇರಲೇ ಇಲ್ಲ ಅನ್ನುವುದನ್ನೂ ಪಾಠದಲ್ಲಿ ಸೇರಿಸಿಕೊಳ್ಳಿ.

ಹೊರದೇಶದ್ದು ಬೇಕಿದ್ದರೆ ಜರ್ಮನಿಯ ಫೋಕ್ಸ್‌ವ್ಯಾಗನ್ ಕತೆ ಚೆನ್ನಾಗಿದೆ. ಅವರ ಇಲ್ಟಿಸ್ ಅನ್ನುವ ಫೋರ್ ವೀಲ್ ಗಾಡಿ 1978ರದ್ದು. 1980ರ ಪ್ಯಾರಿಸ್-ಡಕಾರ್ ರ‍್ಯಾಲಿಯನ್ನೇ ಗೆದ್ದಿತು. 1990ರಲ್ಲಿ ಗಾಲ್ಫ್ ಕಾರನ್ನೇ ಎತ್ತರಿಸಿ, ಹಿಂದೆ ಸ್ಟೆಪ್ನಿ ನೇತುಹಾಕಿ, ‘ಗಾಲ್ಫ್ ಕಂಟ್ರಿ’ ಅಂತ ಬಿಟ್ಟರು. ಈಗಿನ ಕಾಂಪ್ಯಾಕ್ಟ್ ಎಸ್‌ಯುವಿಯ ರೂಪ ಅದರಲ್ಲಿ ಆಗಲೇ ಇತ್ತು. ಎಂಟು ಸಾವಿರವೂ ಆಗಲಿಲ್ಲ, ನಿಲ್ಲಿಸಿದರು. 1994ರಲ್ಲಿ ಟೊಯೊಟಾ ರಾವ್4, ಮರುವರ್ಷ ಹೋಂಡಾ ಸಿಆರ್-ವಿ ಬಂದು ಆ ಮಾರುಕಟ್ಟೆಯನ್ನು ಎತ್ತಿಕೊಂಡು ಹೋದವು. ಫೋಕ್ಸ್‌ವ್ಯಾಗನ್ ಮತ್ತೆ ಎದ್ದು ಟಿಗುವಾನ್ ತಂದದ್ದು 2007ರಲ್ಲಿ. ಹದಿಮೂರು ವರ್ಷ ತಡ. ಆದರೂ 2019ರಲ್ಲಿ ಒಂದೇ ವರ್ಷಕ್ಕೆ ಒಂಬತ್ತು ಲಕ್ಷಕ್ಕೂ ಹೆಚ್ಚು ಟಿಗುವಾನ್ ತಯಾರಾದವು. ಹುಲಿ ಮತ್ತು ಇಗ್ವಾನಾ ಅನ್ನುವ ಓತಿಕೇತನ ಜಾತಿಯ ಪ್ರಾಣಿ, ಎರಡರ ಜರ್ಮನ್ ಹೆಸರು ಸೇರಿಸಿ ಮಾಡಿದ ಆ ಹೆಸರನ್ನು ಆರಿಸಿದವರು ಒಂದು ಕಾರು ಪತ್ರಿಕೆಯ ಓದುಗರು. ನಮ್ಮ ಸಂಪಾದಕರು ಇದನ್ನು ಗಮನಿಸಬೇಕು.

ಪ್ರಶ್ನೆ: ಬೆಂಗಳೂರಿನಲ್ಲಿ ಆಫೀಸು, ತಿಂಗಳಿಗೊಮ್ಮೆ ನಂದಿಬೆಟ್ಟ. ಜಿಮ್ನಿ ನೋಡಲು ಮುದ್ದಾಗಿದೆ. ತಗೊಳ್ಳಲಾ?
(ಬೆಂಗಳೂರಿನ ಓದುಗ)

ಉತ್ತರ: ನಂದಿಬೆಟ್ಟಕ್ಕೆ ಬಸ್ಸೇ ಹೋಗುತ್ತದೆ. ಮುದ್ದಾಗಿದೆ ಅನ್ನುವುದೊಂದೇ ಕಾರಣವಾದರೆ ತಗೊಳ್ಳಿ, ಅದಕ್ಕೆ ನಾನು ಅಡ್ಡಿ ಬರುವುದಿಲ್ಲ. ಆದರೆ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಲೋ ಗೇರ್ ಕಡ್ಡಿಯನ್ನು ನೋಡುತ್ತ ಕೂತಾಗ ನನ್ನನ್ನು ಬೈಯಬೇಡಿ.

ಪ್ರಶ್ನೆ: ಹೊಸ ಜಿಮ್ನಿಯನ್ನು ಹುಬ್ಬಳ್ಳಿಯಿಂದ ದಾಂಡೇಲಿವರೆಗೆ ನಾಲ್ಕೂ ಚಕ್ರ ಎಳೆಯುವ 4ಎಚ್‌ನಲ್ಲೇ ಓಡಿಸಿದೆ, ಹಿಡಿತ ಜಾಸ್ತಿ ಇರಲಿ ಅಂತ. ಊರೊಳಗೆ ತಿರುಗಿಸುವಾಗ ಕೆಳಗಿನಿಂದ ಕಟ್ ಕಟ್ ಅನ್ನುತ್ತಿದೆ. ಗಾಡಿಯಲ್ಲಿ ದೋಷವೇ?
(ಹುಬ್ಬಳ್ಳಿಯ ಓದುಗರು)

ಉತ್ತರ: ಗಾಡಿ ಸರಿಯಾಗಿಯೇ ಇದೆ, ಕಡ್ಡಿ ಇಟ್ಟ ಜಾಗ ತಪ್ಪು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಜಿಮ್ನಿಯಲ್ಲಿ 4ಎಚ್ ಹಾಕಿದ ಕೂಡಲೇ ಮುಂದಿನ ಹಿಂದಿನ ಶಾಫ್ಟುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ನಡುವೆ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಇಲ್ಲ. ಕೆಸರಿನಲ್ಲಾದರೆ ಟೈರು ಸ್ವಲ್ಪ ಜಾರಿ ಸರಿ ಮಾಡಿಕೊಳ್ಳುತ್ತದೆ. ಒಣ ಡಾಂಬರಿನಲ್ಲಿ ಜಾರಲು ಆಗುವುದಿಲ್ಲ, ಒತ್ತಡವೆಲ್ಲ ಗೇರು, ಶಾಫ್ಟಿನ ಮೇಲೆ ಬೀಳುತ್ತದೆ. ಆ ಕಟ್ ಕಟ್ ಅದೇ.

ಡಾಂಬರಿನಲ್ಲಿ 2ಎಚ್, ಅಂದರೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಳೆತ. ಮಣ್ಣು ಬಂದಾಗ 4ಎಚ್. ಗಂಟೆಗೆ 100 ಕಿಲೊಮೀಟರ್ ಒಳಗೆ, ಚಕ್ರ ನೇರ ಇದ್ದಾಗ, ಓಡುತ್ತಿರುವಾಗಲೇ ಹಾಕಬಹುದು. 4ಎಲ್‌ಗೆ, ಅಂದರೆ ಲೋ ಗೇರಿಗೆ, ಮಾತ್ರ ಗಾಡಿ ಪೂರ್ತಿ ನಿಲ್ಲಬೇಕು, ಕ್ಲಚ್ ಒತ್ತಿರಬೇಕು. ಕಡ್ಡಿ ಸಿಕ್ಕಿಕೊಂಡು ಬರದಿದ್ದರೆ ಜಗ್ಗಾಡಬೇಡಿ. ನೇರವಾಗಿ ಎರಡು ಮೂರು ಅಡಿ ರಿವರ್ಸ್ ತಗೊಳ್ಳಿ, ಬಿಗಿತ ಸಡಿಲವಾಗಿ ಬರುತ್ತದೆ.

ಪ್ರಶ್ನೆ: ಮಾರಾಟ ಇಲ್ಲ ಅಂತ ಜಿಮ್ನಿಯನ್ನು ನಿಲ್ಲಿಸಿಬಿಟ್ಟರೆ ಸ್ಪೇರ್ ಪಾರ್ಟ್ ಸಿಗುತ್ತದೆಯೇ?
(ಶೃಂಗೇರಿಯ ಓದುಗರು)

ಉತ್ತರ: ನಿಮ್ಮ ಹೆದರಿಕೆ ನ್ಯಾಯವೇ. ಬಾನೆಟ್ ಒಳಗಿನದಕ್ಕೆ ಚಿಂತೆ ಬೇಡ. ಅದೇ ಕೆ15ಬಿ ಇಂಜಿನ್ ಎರ್ಟಿಗಾ, ಸಿಯಾಜ್, ಬ್ರೆಜಾದಲ್ಲೂ ಬಂದಿತ್ತು, ಯಾವ ಊರಿನ ಅಂಗಡಿಯಲ್ಲೂ ಅದರ ಸಾಮಾನು ಸಿಗುತ್ತದೆ. ಆಕ್ಸಲ್, ಮುಂದಿನ ಹಿಂದಿನ ಚಕ್ರಕ್ಕೆ ಎಳೆತ ಹಂಚುವ ಟ್ರಾನ್ಸ್‌ಫರ್ ಕೇಸ್, ಬಾಡಿಯದ್ದು ಮಾತ್ರ ಜಿಮ್ನಿಯದೇ ಬೇಕು.

ಅಲ್ಲಿ ನಿಮ್ಮನ್ನು ಕಾಯುವವರು ಜಪಾನ್‌ನವರು. ಇಲ್ಲಿ ತಯಾರಾದ ಐದು ಬಾಗಿಲಿನ ಜಿಮ್ನಿಯನ್ನೇ 2025ರ ಜನವರಿ 30ಕ್ಕೆ ಅಲ್ಲಿ ‘ಜಿಮ್ನಿ ನೊಮೇಡ್’ ಅಂತ ಪ್ರಕಟಿಸಿದರು. ತಿಂಗಳಿಗೆ 1200 ಮಾರುವ ಲೆಕ್ಕ. ನಾಲ್ಕೈದು ದಿನದಲ್ಲಿ ಸುಮಾರು 50,000 ಆರ್ಡರ್ ಬಂದು, ಫೆಬ್ರವರಿ 3ಕ್ಕೆ ಬುಕಿಂಗ್ ನಿಲ್ಲಿಸಬೇಕಾಯಿತು. ಮಾಡಿದ್ದು ಗುರುಗ್ರಾಮದಲ್ಲಿ, ನಾವು ಬೇಡ ಅಂದ ಅದೇ ಗಾಡಿ! ಹೊರಗೆ ಇಷ್ಟು ಬೇಡಿಕೆ ಇರುವವರೆಗೆ ಕಾರ್ಖಾನೆಯಲ್ಲಿ ಅದರ ಸಾಮಾನು ತಯಾರಾಗುತ್ತಲೇ ಇರುತ್ತದೆ. ನಿಮಗೆ ಬರುವುದಕ್ಕೆ ಒಂದು ವಾರ ಹೆಚ್ಚು ಹಿಡಿಯಬಹುದು, ಅಷ್ಟೇ.

ಪ್ರಶ್ನೆ: ನನಗೆ ಎಪ್ಪತ್ತು ವರ್ಷ. ಜಿಮ್ನಿಗೆ ಅಷ್ಟು ದುಡ್ಡಿಲ್ಲ. ನಮ್ಮ ಅಳಿಯ ಸೇನೆಯ ಹರಾಜಿನಿಂದ ಬಂದ ಹಳೇ ಜಿಪ್ಸಿ ಕಡಿಮೆಗೆ ಸಿಗುತ್ತೆ, ತಗೊಳ್ಳಿ ಅನ್ನುತ್ತಾರೆ. ಏನು ನೋಡಬೇಕಪ್ಪ?
(ಸೋಮವಾರಪೇಟೆಯ ಓದುಗರು)

ಉತ್ತರ: ಅಮ್ಮಾ, ಮೊದಲು ಕಾಗದ, ಆಮೇಲೆ ಗಾಡಿ. ಹರಾಜಿನ ಪತ್ರ ಇದ್ದರೆ ಸಾಲದು, ಆರ್‌ಟಿಒದಲ್ಲಿ ನೋಂದಣಿ ಆಗಿ ಆರ್‌ಸಿ ಕೈಗೆ ಬಂದಿರಬೇಕು. “ಆಮೇಲೆ ಮಾಡಿಸಿ ಕೊಡ್ತೀನಿ” ಅನ್ನುವವರಿಗೆ ಮುಂಗಡ ಕೊಡಬೇಡಿ. ಹದಿನೈದು ವರ್ಷ ದಾಟಿದ್ದರೆ ಫಿಟ್ನೆಸ್ ಮಾಡಿಸಿ ನವೀಕರಿಸಬೇಕು, ಅದು ಐದು ವರ್ಷಕ್ಕೊಮ್ಮೆ ಬರುವ ಖರ್ಚು. ಆರ್‌ಸಿ ಪುಸ್ತಕದ ಚಾಸಿ ನಂಬರನ್ನೂ ಚಾಸಿ ಮೇಲೆ ಕೊರೆದ ನಂಬರನ್ನೂ ಅಳಿಯ ಟಾರ್ಚ್ ಹಿಡಿದು ಓದಿ ತಾಳೆ ನೋಡಲಿ.

ಗಾಡಿಯಲ್ಲಿ ಮುಖ್ಯವಾಗಿ ಚಾಸಿ ತುಕ್ಕು. ಹಿಂದಿನ ಸ್ಪ್ರಿಂಗು ಕೂರುವ ಜಾಗದಲ್ಲಿ ಸ್ಕ್ರೂ ಡ್ರೈವರ್‌ನಿಂದ ಚುಚ್ಚಿ ನೋಡಲಿ. ಒಳಗೆ ಹೋದರೆ ಬಿಟ್ಟು ಬನ್ನಿ, ಎಷ್ಟು ಕಡಿಮೆಗೆ ಕೊಟ್ಟರೂ ಸರಿ. ಆಮೇಲೆ ಒದ್ದೆ ಮಣ್ಣಿನಲ್ಲಿ ಫೋರ್ ವೀಲ್ ಹಾಕಿ, ಲೋ ಗೇರಿಗೂ ಹಾಕಿ ಏರು ಹತ್ತಿಸಿ. ಗೇರು ತಾನಾಗಿ ಹೊರಗೆ ಜಿಗಿದರೆ ಟ್ರಾನ್ಸ್‌ಫರ್ ಕೇಸ್ ಸವೆದಿದೆ. ಇಂಜಿನ್ ಕೆಲಸ ಬಂದರೆ ಹೆದರಬೇಡಿ, ಅದು ನಮ್ಮಂಥವರ ಕೈಯಲ್ಲಿ ಆಗುತ್ತದೆ.

ಇನ್ನೊಂದು. ಹಿಂದಿನ ಸೀಟಿನಲ್ಲಿ ಮಾತ್ರ ಕೂರಬೇಡಿ, ಅಳಿಯ ಎಷ್ಟು ನಿಧಾನ ಓಡಿಸುತ್ತೇನೆ ಅಂದರೂ. ಮುಂದಿನ ಸೀಟಿಗೆ ಒಂದು ಅಡಿ ಎತ್ತರದ ಮರದ ಸ್ಟೂಲು ಮಾಡಿಸಿ ಗಾಡಿಯಲ್ಲೇ ಇಟ್ಟುಕೊಳ್ಳಿ. ಹತ್ತಲು ಅದು ಬೇಕೇ ಬೇಕು.